ಹಳೇ ವಿಡಿಯೋ ಗೇಮ್ ಸೆಟ್ಟಿಗೆ 15 ಸಾವಿರ ಕೊಡಬಹುದಾ?

ಈ ಪ್ರಶ್ನೆ ಎಷ್ಟನೇ ಸಲ ಬರ್ತಿದೆ ಅನ್ನೋ ಲೆಕ್ಕ ಬಿಟ್ಟಿದ್ದೇನೆ. ರೇಟು ಬದಲಾಗುತ್ತದೆ, ಪ್ರಶ್ನೆ ಅದೇ. ಈ ಸಲ ಕಲಬುರಗಿಯ ಓದುಗರೊಬ್ಬರು ಕೇಳಿದ್ದಾರೆ: "ಸರ್, ಸೂಪರ್ ಮಾರ್ಕೆಟ್ ಹತ್ರ ಒಬ್ಬರು ಹಳೇ ಟಿವಿ ಗೇಮು, ಎರಡು ರಿಮೋಟು, ಗನ್ನು, 22 ಕ್ಯಾಸೆಟ್ ಎಲ್ಲಾ ಸೇರಿ 15 ಸಾವಿರ ಹೇಳ್ಯಾರ. ತಗೊಳ್ಳೇನ್ರಿ?"

ಬೇಡ್ರಿ. ಇಷ್ಟಕ್ಕೇ ಮುಗಿಸುತ್ತಿದ್ದೆ, ಆದರೆ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು: "ಅಮೆರಿಕಾದಾಗ ಒಂದು ಮಾರಿಯೋ ಕ್ಯಾಸೆಟ್ ಕೋಟಿಗಟ್ಟಲೆ ಹೋಗ್ಯಾದಂತಲ್ರಿ."

ಹೋಗಿದೆ, ಸುಳ್ಳಲ್ಲ. 2021ರ ಜುಲೈನಲ್ಲಿ 'ಸೂಪರ್ ಮಾರಿಯೋ 64'ರ ಒಂದು ಪ್ರತಿ ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ 11 ಕೋಟಿ ರೂಪಾಯಿಗೂ ಜಾಸ್ತಿ. ಆದರೆ ಅದು 1996ರ ಗೇಮ್, ಅಪರೂಪದ್ದೂ ಅಲ್ಲ, ಲೋಕದಲ್ಲಿ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದದ್ದು. ಹಾಗಾದರೆ ಅಷ್ಟು ದುಡ್ಡು ಯಾಕೆ? ಆ ಡಬ್ಬಿಯ ಸೀಲೇ ಒಡೆದಿರಲಿಲ್ಲ! ಸ್ಥಿತಿ ನೋಡಿ ಹತ್ತಕ್ಕೆ 9.8 ಅಂಕ ಕೊಟ್ಟಿದ್ದರು. ಅಂದರೆ ಯಾರೂ ಆಡದೇ ಇದ್ದದ್ದಕ್ಕೆ ಬಂದ ಬೆಲೆ ಅದು, ಹಳೇದು ಅನ್ನೋದಕ್ಕಲ್ಲ. ನಮ್ಮ ರಿಮೋಟುಗಳನ್ನ ನೋಡಿ, 'ಎ' ಬಟನ್ ಒಳಗಿನ ರಬ್ಬರ್ ಸವೆದು ಹೋಗಿರುತ್ತದೆ, ಅಷ್ಟು ಗುಂಡು ಹಾರಿಸಿದ್ದೇವೆ.

ಇನ್ನೊಂದು ವಿಷಯ. ನಮ್ಮ ಕಡೆ ಬಂದವು ಹೆಚ್ಚಿನವು ಅಸಲಿಯೇ ಅಲ್ಲ. ನಿಂಟೆಂಡೋದವರು 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಅನ್ನೋ ಟಿವಿ ಗೇಮಿನ ನಕಲು ಅವು. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ನೋಡಿ, ಕಾಲಿರುವ ಚಿಪ್ ಬದಲು ಡಾಂಬರಿನ ಹನಿ ಬಿದ್ದ ಹಾಗೆ ಕಪ್ಪು ಬೊಟ್ಟು ಕಾಣುತ್ತದೆ. '9999 ಇನ್ 1' ಅಂತ ಬರೆದಿರ್ತಾರಲ್ವಾ, ಒಂದು ಬೇಸಿಗೆ ರಜೆಯಲ್ಲಿ ನಾನೂ ನನ್ನ ತಮ್ಮನೂ ಕೂತು ಎಣಿಸಿದ್ದೆವು. ಐವತ್ತೂ ದಾಟಲಿಲ್ಲ. ಮಿಕ್ಕಿದ್ದೆಲ್ಲ ಅದೇ ಗೇಮು, ಎರಡನೇ ಲೆವೆಲ್ಲಿಂದ ಶುರು, ಮೂರನೇ ಲೆವೆಲ್ಲಿಂದ ಶುರು. ಮೊದಲ ಸೂಪರ್ ಮಾರಿಯೋ ಇಡೀ ಗೇಮೇ 40 ಕೆಬಿ. ನೀವು ವಾಟ್ಸಾಪ್‌ನಲ್ಲಿ ಕಳಿಸೋ ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ.

ನೆನಪಿಗೋಸ್ಕರ ಬೇಕೇ ಬೇಕು ಅಂದರೆ ನಡೆಯುವ ಸೆಟ್ಟಿಗೆ ಒಂದೂವರೆ ಸಾವಿರ ಕೊಡಿ. ಅದರ ಮೇಲೆ ನಾನಂತೂ ಕೊಡಲ್ಲ.

ಅಂದ ಹಾಗೆ, ಆ ಗನ್ನಿನ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳ್ತೀನಿ. ಬಾತುಕೋಳಿ ಹೊಡೆಯೋ ಗೇಮಿನಲ್ಲಿ ಗನ್ನಿನಿಂದ ಏನೂ ಹೊರಗೆ ಬರುವುದಿಲ್ಲ. ಕುದುರೆ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಕಣ್ಣಿಗೆ ಆ ಬೆಳಕು ಬಿದ್ದರೆ ಗುರಿ ತಾಗಿದ ಲೆಕ್ಕ. ಇದೆಲ್ಲ ಹಳೇ ಡಬ್ಬಾ ಟಿವಿಯ ವೇಗಕ್ಕೆ ಹೊಂದಿಸಿದ್ದು. ಎಲ್‌ಇಡಿ ಟಿವಿ ಚಿತ್ರ ತೋರಿಸೋದೇ ಸ್ವಲ್ಪ ತಡ, ಗನ್ನು ಕಣ್ಣು ಬಿಟ್ಟಾಗ ಬಿಳಿ ಚೌಕ ಬಂದೇ ಇರುವುದಿಲ್ಲ. ಎಷ್ಟು ಹತ್ತಿರ ಹಿಡಿದರೂ ಅಷ್ಟೇ.

ಹಾಗಾಗಿ ಮೊದಲು ಗುಜರಿಯವರ ಹತ್ತಿರ ಒಂದು ಡಬ್ಬಾ ಟಿವಿ ಹುಡುಕಿ. ನಮ್ಮ ಮನೇದನ್ನ ನಾನೇ ತೂಕಕ್ಕೆ ಹಾಕಿದ್ದೆ. ಗನ್ನು ಇನ್ನೂ ಅಟ್ಟದ ಮೇಲಿದೆ.