ನ್ಯಾನೋ ಪುಡಿ ತೂಗುವ ಮೊದಲು ಫ್ಯಾನ್ ಆಫ್ ಮಾಡಿ

ಕಾರ್ಖಾನೆ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವುದು ನನ್ನ ಕೆಲಸ. ಪೀಣ್ಯ, ಬೊಮ್ಮಸಂದ್ರದ ಕಡೆ ಹೋದಾಗ ಈಚೆಗೆ ಒಂದು ಪ್ರಶ್ನೆ ಬರುತ್ತದೆ: "ಡಾಕ್ಟ್ರೇ, ಈ ಕಾರ್ಬನ್ ನ್ಯಾನೋಟ್ಯೂಬ್‌ನಿಂದ ಕ್ಯಾನ್ಸರ್ ಬರುತ್ತಂತೆ, ಹೌದಾ?" ನ್ಯಾನೋಟ್ಯೂಬ್ ಅಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ, ಕೊಳವೆಯಂಥ ಇಂಗಾಲದ ಎಳೆ, ಕಾರ್ಖಾನೆಗೆ ಕಪ್ಪು ಪುಡಿಯಾಗಿ ಬರುತ್ತದೆ. ಯಾವ ಆಕಾರದ್ದು, ಪುಡಿ ಗಾಳಿಗೆ ಏಳುತ್ತದಾ ಅಂತ ನಾನು ಮೊದಲು ಕೇಳುತ್ತೇನೆ.

ಆಕಾರ ಯಾಕೆ ಮುಖ್ಯ? ಶ್ವಾಸಕೋಶದ ಆಳಕ್ಕೆ ಹೋದ ದೂಳನ್ನು ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳು ನುಂಗಿ ಸಾಗಿಸುತ್ತವೆ. ಒಂದೊಂದರ ಅಗಲ ಸುಮಾರು 10ರಿಂದ 20 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದಕ್ಕಿಂತ ಉದ್ದದ ಎಳೆ, ಅದರಲ್ಲೂ ತೆಂಗಿನ ಕಡ್ಡಿಯ ಹಾಗೆ ನೆಟ್ಟಗೆ ಗಡುಸಾಗಿರುವುದು ಬಂದರೆ, ಪೂರ್ತಿ ನುಂಗಲಾಗದೆ ಆ ಕೋಶ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತಲೇ ಇರುತ್ತದೆ, ಎಳೆ ಕರಗದಿದ್ದರೆ ಇದು ವರ್ಷಗಟ್ಟಲೆ ನಡೆದು ಅಕ್ಕಪಕ್ಕದ ಕೋಶಗಳ ಡಿಎನ್‌ಎ ಹಾಳಾಗಿ ಕ್ಯಾನ್ಸರ್‌ಗೆ ದಾರಿಯಾಗಬಹುದು. ಆಸ್ಬೆಸ್ಟಾಸ್ ಮಾಡುವುದೂ ಇದನ್ನೇ. 2008ರಲ್ಲಿ ಇಲಿಗಳ ಹೊಟ್ಟೆಯೊಳಗೆ ಉದ್ದನೆಯ ನ್ಯಾನೋಟ್ಯೂಬ್ ಹಾಕಿ ನೋಡಿದಾಗ ಆಸ್ಬೆಸ್ಟಾಸ್‌ನಂಥದ್ದೇ ಉರಿಯೂತ ಕಂಡಿತು. ಗಿಡ್ಡ, ಸಿಕ್ಕು ಸಿಕ್ಕಾಗಿ ಉಂಡೆಗಟ್ಟಿದವು ಹಾಗೆ ಮಾಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಇವನ್ನು ಪರಿಶೀಲಿಸಿತು. ಎಂಡಬ್ಲ್ಯೂಸಿಎನ್‌ಟಿ-7 ಅನ್ನುವ ಒಂದು ಬಗೆಯನ್ನು ಮಾತ್ರ 2ಬಿ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಹಾಕಿತು. ಉಳಿದ ನ್ಯಾನೋಟ್ಯೂಬ್‌ಗಳು 3ನೇ ಗುಂಪಿಗೆ ಹೋದವು. ಕೆಲವು ಮ್ಯಾನೇಜರ್‌ಗಳು ಇದನ್ನೇ ತೋರಿಸಿ "ಸೇಫ್ ಅಂತ ಬಂದಿದೆ" ಅನ್ನುತ್ತಾರೆ. ಅಲ್ಲ. ತೀರ್ಮಾನಕ್ಕೆ ಬೇಕಾದಷ್ಟು ಪುರಾವೆ ಇಲ್ಲ ಅನ್ನುವುದಷ್ಟೇ ಅದರ ಅರ್ಥ.

ಮನುಷ್ಯರಲ್ಲಿ ಇದರಿಂದಲೇ ಕ್ಯಾನ್ಸರ್ ಬಂತು ಅನ್ನುವುದು ಸಾಬೀತಾಗಿಲ್ಲ. ಆದರೆ ಆಸ್ಬೆಸ್ಟಾಸ್‌ನಿಂದ ಬರುವ ಮೀಸೋಥೀಲಿಯೋಮಾ (ಹೆಚ್ಚಾಗಿ ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್) ಕಾಣಿಸಿಕೊಳ್ಳಲು 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ಸಾಬೀತಾಗಲಿ ಅಂತ ಕಾಯುವುದು ನನಗೆ ಒಪ್ಪಿಗೆಯಿಲ್ಲ.

ಹಾಗಂತ ಎಲ್ಲರೂ ಹೆದರಬೇಕಿಲ್ಲ. ಬ್ಯಾಟರಿಯೊಳಗೆ, ಟೆನಿಸ್ ರಾಕೆಟ್‌ನ ಚೌಕಟ್ಟಿನೊಳಗೆ ಗಟ್ಟಿಯಾಗಿ ಕೂತದ್ದು ನಿಮ್ಮ ಮೂಗಿಗೆ ಬರುವುದಿಲ್ಲ. (ಮನೆಯ ಹಳೇ ಆಸ್ಬೆಸ್ಟಾಸ್ ಶೀಟ್ ಕತ್ತರಿಸುವಾಗ ಏಳುವ ದೂಳು ಇದಕ್ಕಿಂತ ಎಷ್ಟೋ ಖಚಿತವಾದ ಅಪಾಯ, ದಯವಿಟ್ಟು ಅದನ್ನು ಗರಗಸದಿಂದ ಕೊಯ್ಯಬೇಡಿ.) ಅಪಾಯ ಇರುವುದು ಒಣ ಪುಡಿಯಲ್ಲಿ. ಚೀಲ ಬಿಚ್ಚುವಾಗ, ತೂಗುವಾಗ, ಮಿಕ್ಸರ್‌ಗೆ ಸುರಿಯುವಾಗ, ಕಸ ಗುಡಿಸುವಾಗ.

ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಷ್ ಸಂಸ್ಥೆ 2013ರಲ್ಲಿ ನ್ಯಾನೋಟ್ಯೂಬ್‌ಗೆ ಸೂಚಿಸಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ. ಇಷ್ಟು ಕಡಿಮೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೂ ಫ್ಯಾನ್ ಕೆಳಗೆ, ತೆರೆದ ಟೇಬಲ್ ಮೇಲೆ ಪುಡಿ ತೂಗುವುದನ್ನು ನೋಡಿದ್ದೇನೆ. ಕೆಲವು ಪುಡಿಗಳ ಜೊತೆ ಬರುವ ಸೇಫ್ಟಿ ಶೀಟಿನಲ್ಲಿ (ಸುರಕ್ಷತಾ ಮಾಹಿತಿ ಹಾಳೆ) ಗ್ರಾಫೈಟ್‌ನ, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲದ ಮಿತಿಯನ್ನೇ ಬರೆದಿರುತ್ತಾರೆ, ಅದು ಇಂಥ ಎಳೆಯಲ್ಲ, ಆ ಮಿತಿಯನ್ನು ನಂಬಬೇಡಿ. ಎಳೆ ಎಷ್ಟು ಉದ್ದ, ಎಷ್ಟು ದಪ್ಪ ಅಂತ ಮಾರುವವರನ್ನೇ ಕೇಳಿ. ಸಾಧ್ಯವಾದರೆ ಪುಡಿಯ ಬದಲು ದ್ರವದಲ್ಲಿ ಕಲಸಿದ್ದನ್ನೇ ತರಿಸಿ. ತೂಕ, ಸುರಿಯುವುದು ಎಲ್ಲ ಗಾಳಿ ಹೀರಿಕೊಳ್ಳುವ ಮುಚ್ಚಿದ ಹುಡ್‌ನೊಳಗೆ ಆಗಲಿ, ಮಾಸ್ಕ್ ಅದರ ನಂತರದ ಮಾತು.

ಪೊರಕೆ, ದೂಳು ಊದುವ ಏರ್ ಗನ್ ಎರಡೂ ಬೇಡ. ಒದ್ದೆ ಬಟ್ಟೆ, ತೀರಾ ಸಣ್ಣ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಿ. ಸಂಜೆ ನೆಲ ಗುಡಿಸುವ ಅಕ್ಕನಿಗೆ ಆ ಕಪ್ಪು ಪುಡಿ ಏನು ಅಂತ ಯಾರೂ ಹೇಳಿರುವುದಿಲ್ಲ. ಅವರನ್ನೂ ತರಬೇತಿಗೆ ಕರೆಯಿರಿ. ಗುತ್ತಿಗೆಯವರು ಅಂತ ಬಿಡದೆ, ಯಾರು ಎಷ್ಟು ದಿನ ಈ ಪುಡಿಯ ಹತ್ತಿರ ಕೆಲಸ ಮಾಡಿದರು ಅಂತ ಅವರ ಹೆಸರನ್ನೂ ರಿಜಿಸ್ಟರ್‌ನಲ್ಲಿ ಬರೆದಿಡಿ.