ವಿಂಡೋಸ್‌ಗೆಂದು ಮಾಡಿದ ನುಡಿ ಲಿನಕ್ಸ್‌ನಲ್ಲಿ ಓಡುತ್ತದೆಯೇ?

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಹೊಂದದ ಕಾರಣ ಅದರ ಬದಲು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿಸಿಕೊಂಡಿದ್ದೇನೆ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶವನ್ನೂ ಒಂದು ಹಳೆಯ ಲೆಕ್ಕಪತ್ರದ ತಂತ್ರಾಂಶವನ್ನೂ ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ‘ವೈನ್’ ಎಂಬ ತಂತ್ರಾಂಶದ ಮೂಲಕ ಓಡಿಸಬಹುದು ಎನ್ನುತ್ತಾರೆ. ನಿಜವೇ?

ಉತ್ತರ: ಲೆಕ್ಕಪತ್ರದ ತಂತ್ರಾಂಶ ಓಡುವ ಸಂಭವ ಸಾಕಷ್ಟಿದೆ. ನುಡಿಯ ಮಾತು ಬೇರೆ. ಅದು ತೆರೆದುಕೊಂಡರೂ ನೀವು ಬಯಸಿದ ಕೆಲಸ ಅದರಿಂದ ಆಗದೆ ಹೋಗಬಹುದು. ಈ ವ್ಯತ್ಯಾಸದ ಕಾರಣ ತಿಳಿಯಲು ವೈನ್ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ನಿಮ್ಮ ಲ್ಯಾಪ್‌ಟಾಪ್‌ನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಅದೇ ಆಗಿರುವುದರಿಂದ, ಕೂಡು, ಕಳೆ, ಹೋಲಿಸು ಎಂಬಂಥ ಮೂಲ ಆದೇಶಗಳಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗುವುದು ಎರಡು: ಪ್ರೋಗ್ರಾಮಿನ ಕಡತವನ್ನು ಕಟ್ಟಿರುವ ರೀತಿ, ಮತ್ತು ಆ ಪ್ರೋಗ್ರಾಮು ಕಾರ್ಯಾಚರಣೆ ವ್ಯವಸ್ಥೆಯಿಂದ ಸೇವೆಗಳನ್ನು ಕೇಳುವ ರೀತಿ. ಕಡತ ತೆರೆಯುವುದು, ವಿಂಡೋ ಬಿಡಿಸುವುದು, ಮುದ್ರಣಕ್ಕೆ ಕಳಿಸುವುದು ಮುಂತಾದ ಕೆಲಸಗಳಿಗೆ ಪ್ರೋಗ್ರಾಮು ವಿಂಡೋಸ್‌ನ ಡಿಎಲ್ಎಲ್ ಕಡತಗಳಲ್ಲಿರುವ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡ್‌ನ ಕಡತಗಳು) ಫಂಕ್ಷನ್‌ಗಳನ್ನು, ಅಂದರೆ ಸಿದ್ಧ ಕೋಡ್ ತುಣುಕುಗಳನ್ನು, ಕರೆಯುತ್ತದೆ. ಆ ಡಿಎಲ್ಎಲ್‌ಗಳನ್ನು ಮೈಕ್ರೋಸಾಫ್ಟ್‌ನ ಕೋಡ್ ಬಳಸದೆ ವೈನ್ ತಾನೇ ಹೊಸದಾಗಿ ಬರೆದುಕೊಂಡಿದೆ. ಇಲ್ಲಿ ವಿಂಡೋಸ್ ಎಂಬುದೇ ಇಲ್ಲ, ಆದ್ದರಿಂದ ಅದರ ಲೈಸೆನ್ಸೂ ಬೇಕಿಲ್ಲ.

ಉದಾಹರಣೆಗೆ, ಸಿ ಡ್ರೈವ್‌ನಲ್ಲಿರುವ ಒಂದು ಲೆಡ್ಜರ್ ಕಡತವನ್ನು ತೆರೆಯಬೇಕೆಂದು ನಿಮ್ಮ ತಂತ್ರಾಂಶ ಕೇಳುತ್ತದೆ ಎನ್ನಿ. ಲಿನಕ್ಸ್‌ನಲ್ಲಿ ಸಿ ಡ್ರೈವ್ ಎಂಬುದಿಲ್ಲ. ವೈನ್ ನಿಮ್ಮ ಹೋಮ್ ಫೋಲ್ಡರಿನೊಳಗೆ ಅಡಗಿಸಿಟ್ಟ ಒಂದು ಫೋಲ್ಡರನ್ನೇ ಸಿ ಡ್ರೈವ್ ಎಂದು ತೋರಿಸಿ, ಆ ಕೋರಿಕೆಯನ್ನು ಲಿನಕ್ಸ್‌ಗೆ ಅರ್ಥವಾಗುವ ಕರೆಯಾಗಿ ಬದಲಿಸುತ್ತದೆ. ವಿಂಡೋಸ್ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಹಾಗಾಗಿ ಕೇಳಿದ ಹೆಸರು ಅಕ್ಷರಶಃ ಸಿಗದಿದ್ದರೆ ಇಡೀ ಫೋಲ್ಡರನ್ನು ತಡಕಿ ಹೊಂದುವ ಹೆಸರನ್ನು ಹುಡುಕುವ ಕೆಲಸವೂ ವೈನ್‌ನದೇ. ಇಂಥ ಸಾವಿರಾರು ಸಣ್ಣ ವಿವರಗಳಿವೆ. ವಿಂಡೋಸ್‌ನ ದೋಷಗಳನ್ನೇ ನಂಬಿ ಬರೆದ ಪ್ರೋಗ್ರಾಮುಗಳೂ ಇರುವುದರಿಂದ ಆ ದೋಷಗಳನ್ನು ಕೂಡ ಹಾಗೆಯೇ ಅನುಕರಿಸಬೇಕಾಗುತ್ತದೆ. 1993ರಲ್ಲಿ ಆರಂಭವಾದ ಈ ಯೋಜನೆ ತನ್ನ 1.0 ಆವೃತ್ತಿಯನ್ನು ಹೊರತಂದದ್ದು 2008ರಲ್ಲಿ ಎಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. 2018ರಲ್ಲಿ ಕಂಪ್ಯೂಟರ್ ಆಟಗಳ ವಾಲ್ವ್ ಸಂಸ್ಥೆ ಇದೇ ವೈನ್ ಆಧರಿಸಿ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂದ ನಂತರ ಆಟಗಳ ಮಟ್ಟಿಗಂತೂ ಸುಧಾರಣೆ ವೇಗವಾಗಿಯೇ ಆಗಿದೆ.

ಈಗ ನುಡಿಯ ವಿಷಯ. ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ರೂಪಿಸಿದ ನುಡಿಯನ್ನು ಹೆಚ್ಚಿನವರು ಬಳಸುವುದು ಬೇರೆ ತಂತ್ರಾಂಶಗಳಲ್ಲಿ ಕನ್ನಡ ಟೈಪ್ ಮಾಡಲಿಕ್ಕೆ. ಇಂಥ ಕೀಲಿಮಣೆ ತಂತ್ರಾಂಶ ಹಿನ್ನೆಲೆಯಲ್ಲಿದ್ದುಕೊಂಡು, ನೀವು ಒತ್ತಿದ ಕೀಲಿಯನ್ನು ವರ್ಡ್‌ಗೋ ಬ್ರೌಸರ್‌ಗೋ ತಲುಪುವ ಮೊದಲೇ ಹಿಡಿದು ಕನ್ನಡ ಅಕ್ಷರವನ್ನಾಗಿ ಬದಲಿಸಬೇಕು. ವೈನ್‌ನೊಳಗಿನ ಪ್ರೋಗ್ರಾಮಿಗೆ ಕಾಣುವುದು ವೈನ್‌ನದೇ ವಿಂಡೋಗಳಲ್ಲಿ ಒತ್ತಿದ ಕೀಲಿಗಳು ಮಾತ್ರ. ಲಿನಕ್ಸ್‌ನ ಫೈರ್‌ಫಾಕ್ಸ್‌ನಲ್ಲೋ ವರ್ಡ್‌ನಂಥ ಲಿಬ್ರೆಆಫೀಸ್‌ನಲ್ಲೋ ನೀವು ಟೈಪ್ ಮಾಡಿದ್ದು ಅದರ ಕೈಗೆ ಸಿಗುವುದಿಲ್ಲ. ತೊಂದರೆಯ ಬೇರು ಇದೇ. ಆದ್ದರಿಂದ ಇದನ್ನು ಸರಿಪಡಿಸಲು ವೈನ್‌ನ ಸೆಟ್ಟಿಂಗ್‌ಗಳಲ್ಲಿ ಹೊತ್ತು ಕಳೆಯುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ.

ಅದರ ಅಗತ್ಯವೂ ಇಲ್ಲ. ಐಬಸ್ ಎಂಬ ಲಿನಕ್ಸ್‌ನದೇ ಟೈಪಿಂಗ್ ವ್ಯವಸ್ಥೆಗೆ ಎಂ17ಎನ್ ಎಂಬ ಪೊಟ್ಟಣವನ್ನು ಸೇರಿಸಿದರೆ, ನಿಮ್ಮ ಬೆರಳಿಗೆ ರೂಢಿಯಾಗಿರುವ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಅಲ್ಲಿ ಸಿಗುತ್ತದೆ, ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಕನ್ನಡ ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ಮೂಡುತ್ತದೆ. ಯುನಿಕೋಡ್‌ಗಿಂತ ಹಿಂದಿನ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟ ವರ್ಡ್ ಕಡತಗಳಿದ್ದರೆ, ಆ ಟ್ರೂಟೈಪ್ ಫಾಂಟ್‌ಗಳನ್ನು ಲಿನಕ್ಸ್‌ನಲ್ಲಿ ಸ್ಥಾಪಿಸಿಕೊಂಡು ಲಿಬ್ರೆಆಫೀಸ್‌ನಲ್ಲಿ ತೆರೆದು ಓದಬಹುದು. ತಿದ್ದಿ ಮುಂದುವರಿಸುವುದಾದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಲೇಸು.

ಲೆಕ್ಕಪತ್ರದ ತಂತ್ರಾಂಶ ತನ್ನ ವಿಂಡೋದೊಳಗೇ ಕೆಲಸ ಮಾಡಿಕೊಳ್ಳುವಂಥದ್ದಾದ್ದರಿಂದ ಅದಕ್ಕೆ ಈ ಅಡ್ಡಿಯಿಲ್ಲ. ಲಿನಕ್ಸ್‌ನಲ್ಲಿ ಹೊಂದಿಸಿರುವ ಪ್ರಿಂಟರ್ ಕೂಡ ಅದಕ್ಕೆ ಕಾಣುತ್ತದೆ. ಆದರೆ ಯುಎಸ್‌ಬಿ ಡಾಂಗಲ್ (ತಂತ್ರಾಂಶದ ಬೀಗದ ಕೈಯಂತಿರುವ ಪುಟ್ಟ ಸಾಧನ) ಚುಚ್ಚಿದರೆ ಮಾತ್ರ ತೆರೆಯುವ ತಂತ್ರಾಂಶವಾಗಿದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಏಕೆಂದರೆ ಯಂತ್ರಾಂಶದೊಡನೆ ನೇರವಾಗಿ ವ್ಯವಹರಿಸುವ ಡ್ರೈವರ್ ಎಂಬ ವಿಂಡೋಸ್ ತಂತ್ರಾಂಶಗಳು ವೈನ್‌ನಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಆಗ ಉಳಿಯುವ ದಾರಿ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಕಟ್ಟಿಕೊಡುವ ಮಿಥ್ಯಾಯಂತ್ರದಲ್ಲಿ (ಗಣಕದೊಳಗೊಂದು ಕಾಲ್ಪನಿಕ ಗಣಕ) ನಿಜವಾದ ವಿಂಡೋಸನ್ನೇ ಸ್ಥಾಪಿಸುವುದು. ಅದಕ್ಕೆ ವಿಂಡೋಸ್ ಲೈಸೆನ್ಸ್ ಬೇಕು, ಮೆಮೊರಿಯನ್ನು ಎರಡು ವ್ಯವಸ್ಥೆಗಳು ಹಂಚಿಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುವುದು ಖಂಡಿತ.

ಇನ್ನೊಂದು ಎಚ್ಚರಿಕೆ. ವೈನ್ ತಾನಾಗಿಯೇ ಜೆಡ್ ಡ್ರೈವ್ ಎಂಬ ಹೆಸರಿನಲ್ಲಿ ನಿಮ್ಮ ಇಡೀ ಲಿನಕ್ಸ್ ಕಡತ ವ್ಯವಸ್ಥೆಯನ್ನು ತೆರೆದಿಡುತ್ತದೆ. ಎಲ್ಲಿಂದಲೋ ತಂದ ಕ್ರ್ಯಾಕ್ ಮಾಡಿದ ತಂತ್ರಾಂಶದಲ್ಲಿ ವಿಂಡೋಸ್ ವೈರಸ್ ಇದ್ದರೆ ಅದೂ ವೈನ್‌ನಲ್ಲಿ ಓಡಬಲ್ಲದು, ನೀವು ಅಳಿಸಬಲ್ಲ ಕಡತಗಳನ್ನೆಲ್ಲ ಅದೂ ಅಳಿಸಬಲ್ಲದು. ಲೆಕ್ಕದ ದತ್ತಾಂಶದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತೆಗೆದಿಟ್ಟುಕೊಂಡು, ಮೊದಲು ನಕಲು ಕಡತದ ಮೇಲೆ ಪ್ರಯೋಗಿಸಿ, ಒಂದು ಬಿಲ್ಲನ್ನು ಮುದ್ರಿಸಿ ಮೊತ್ತ ತಾಳೆ ನೋಡಿದ ಮೇಲೆಯೇ ಅಸಲು ದತ್ತಾಂಶವನ್ನು ಅದಕ್ಕೆ ಒಪ್ಪಿಸಿ.