ಪೀಣ್ಯದ ಶೆಡ್‌ಗಳಲ್ಲಿ ಡಿಜಿಟಲ್ ಲೆಕ್ಕ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ಬೇರೆ ಕಂಪನಿಗಳ ಆರ್ಡರ್‌ಗೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್ ಶೆಡ್ ಒಂದರಲ್ಲಿ ಹಳೆಯ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಯಂತ್ರ) ಇದೆ ಎಂದುಕೊಳ್ಳಿ. ದಿನವಿಡೀ ಅದರ ಸದ್ದು ಕೇಳುತ್ತಲೇ ಇರುತ್ತದೆ. ಹಾಗಾಗಿ ಯಂತ್ರಕ್ಕೆ ಬಿಡುವೇ ಇಲ್ಲವೆಂದು ಮಾಲೀಕರು ನಂಬಿರುತ್ತಾರೆ. ಲೆಕ್ಕ ಹಾಕಿ ನೋಡೋಣ. ಎಂಟು ಗಂಟೆಯ ಪಾಳಿ ಎಂದರೆ 480 ನಿಮಿಷ. ಸೆಟ್ಟಿಂಗ್ ಬದಲಿಸಲು, ಲೋಹ ಕತ್ತರಿಸುವ ಸವೆದ ಅಲಗನ್ನು (ಇನ್ಸರ್ಟ್) ತೆಗೆದು ಹೊಸದು ಹಾಕಲು, ಮೊದಲ ಬಿಡಿಭಾಗದ ಅಳತೆಗೆ ಒಪ್ಪಿಗೆ ಸಿಗಲು, ಕಚ್ಚಾ ಮಾಲು ಬರಲು ಎಂದು 120 ನಿಮಿಷ ಕಳೆದರೆ ಯಂತ್ರ ಓಡಿದ್ದು ಶೇ 75ರಷ್ಟು ಹೊತ್ತು. ಓಡಿದಾಗಲೂ ನಿಗದಿತ ವೇಗದ ಶೇ 80 ಮಾತ್ರ ಸಾಧ್ಯವಾಗಿ, ತಯಾರಾದ ನೂರರಲ್ಲಿ ಐದು ತಿರಸ್ಕೃತವಾದರೆ, ಮೂರನ್ನೂ ಗುಣಿಸಿದಾಗ ಉಳಿಯುವುದು ಶೇ 57. ಎಂಜಿನಿಯರುಗಳು ಇದನ್ನು ಓಇಇ, ಅಂದರೆ ಯಂತ್ರದ ಒಟ್ಟಾರೆ ಪರಿಣಾಮಕಾರಿತ್ವ, ಎನ್ನುತ್ತಾರೆ.

ಸಣ್ಣ ಕಾರ್ಖಾನೆಯ ಮಟ್ಟಿಗೆ ಡಿಜಿಟಲೀಕರಣ ಶುರುವಾಗುವುದು ಈ ಸಂಖ್ಯೆಯಿಂದ; ರೋಬೋಟುಗಳ ಮಾತು ಆಮೇಲಿನದು. ಹೊಸ ಯಂತ್ರವಾದರೆ ಕಂಟ್ರೋಲರ್‌ಗೆ ನೆಟ್‌ವರ್ಕ್ ಕೇಬಲ್ ಜೋಡಿಸಿ ಮಾಹಿತಿ ಪಡೆಯಬಹುದು. ಹಳೆಯ ಯಂತ್ರಕ್ಕೆ ಆ ಸೌಕರ್ಯವಿರುವುದಿಲ್ಲ. ಆಗ ಅದರ ನೆತ್ತಿಯ ಮೇಲಿನ ಕೆಂಪು, ಹಳದಿ, ಹಸಿರು ದೀಪಗಳ ತಂತಿಯಿಂದಲೇ ಸಂಕೇತ ತೆಗೆದುಕೊಳ್ಳುತ್ತಾರೆ. ದೀಪವೂ ಇಲ್ಲದಿದ್ದರೆ ಲೋಹದ ತುಂಡನ್ನು ತಿರುಗಿಸುವ ಸ್ಪಿಂಡಲ್ ಮೋಟಾರಿನ ತಂತಿಗೆ ಬಳೆ ತೊಡಿಸಿದಂತೆ ಕರೆಂಟ್ ಸೆನ್ಸರ್ ಸುತ್ತುತ್ತಾರೆ, ತಂತಿ ಕತ್ತರಿಸಬೇಕಿಲ್ಲ. ಲೋಹ ಕೊರೆಯುವಾಗ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಬರಿದೇ ತಿರುಗುವಾಗ ಕಡಿಮೆ. ಆ ಏರಿಳಿತವೇ ಯಂತ್ರದ ದಿನಚರಿಯನ್ನು ಹೇಳಿಬಿಡುತ್ತದೆ.

ಈ ಸೆನ್ಸರ್ ದುಬಾರಿಯಲ್ಲ. ಅದನ್ನು ಎಲ್ಲಿ ಕೂರಿಸಬೇಕು, ಯಾವ ಏರಿಳಿತಕ್ಕೆ ಏನರ್ಥ ಎಂದು ಬಲ್ಲವರೇ ಅಪರೂಪ. ಲೇತ್ ಮತ್ತು ಕೋಡ್ ಎರಡೂ ಗೊತ್ತಿರುವವರು ಬೇಕು. ಬೆಳಿಗ್ಗೆ ಕರೆದರೆ ಮಧ್ಯಾಹ್ನ ಬಂದು ನೋಡುವಷ್ಟು ಹತ್ತಿರದಲ್ಲಿರಬೇಕು. ನಗರವೊಂದರ ಉದ್ಯಮ ಪರಿಸರಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿಯೇ ಎಂದು ನನ್ನ ನಂಬಿಕೆ.

ಬೆಂಗಳೂರಿಗೆ ಇಂಥವರು ಒಮ್ಮೆಗೇ ಸಿಕ್ಕಿದವರಲ್ಲ. ಸಾರ್ವಜನಿಕ ಉದ್ದಿಮೆಗಳಾಗಿ 1953ರಲ್ಲಿ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ, 1954ರಲ್ಲಿ ರಕ್ಷಣಾ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಬಂದವು. ಯಂತ್ರೋಪಕರಣಗಳ ಸಂಶೋಧನೆಗೆಂದೇ 1962ರಲ್ಲಿ ತುಮಕೂರು ರಸ್ತೆಯಲ್ಲಿ ಸಿಎಂಟಿಐ ಎಂಬ ಸಂಸ್ಥೆ ಹುಟ್ಟಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರವು ಟೂಲ್ ಮತ್ತು ಡೈ (ಬಿಡಿಭಾಗಗಳಿಗೆ ಆಕಾರ ಕೊಡುವ ಅಚ್ಚು) ತಯಾರಿಸುವವರನ್ನು ರೂಪಿಸಿತು. ದೊಡ್ಡ ಸಾರ್ವಜನಿಕ ಉದ್ದಿಮೆಗಳಲ್ಲಿ ಪಳಗಿದ ಅನೇಕರು ಹೊರಬಂದು ಸ್ವಂತ ಶೆಡ್ ಹಾಕಿದರು. ಅವರಿಗೆ ಬಿಡಿಭಾಗಗಳ ಆರ್ಡರ್ ಕೊಟ್ಟು ಬೆಳೆಸಿದ್ದೂ ಅವೇ ಉದ್ದಿಮೆಗಳು. ಪೀಣ್ಯದ ಕೈಚಳಕ ಬಂದದ್ದು ಹೀಗೆ.

ಬೇಸರದ ಸಂಗತಿಯೆಂದರೆ, 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಬೆಳೆದ ಸಾಫ್ಟ್‌ವೇರ್ ಬೆಂಗಳೂರು ಬಹುಕಾಲ ಬೇರೆಯೇ ಊರಿನಂತೆ ಬದುಕಿತು. ಅದರ ಗ್ರಾಹಕರು ಸಾಗರದಾಚೆ ಇದ್ದರು. ಇದೇ ಊರಿನ ಲೇತ್‌ಗಳ ತೊಂದರೆ ಅದಕ್ಕೆ ಕಾಣಲಿಲ್ಲ. ಈ ಎರಡು ಊರುಗಳನ್ನು ಹೊಲಿಯುವ ಕೆಲಸ ಈಗ ನಡೆದಿದೆ. ಕಾರ್ಖಾನೆಗಳ ಡಿಜಿಟಲೀಕರಣಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಸಮರ್ಥ್ ಉದ್ಯೋಗ್ ಯೋಜನೆಯಡಿ ಸ್ಥಾಪನೆಯಾದ ಪ್ರಾತ್ಯಕ್ಷಿಕೆ ಕೇಂದ್ರಗಳಲ್ಲಿ ಎರಡು ಬೆಂಗಳೂರಿನಲ್ಲಿಯೇ ಇವೆ: ಒಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ಸಿಎಂಟಿಐನಲ್ಲಿ. ದುಡ್ಡು ಹಾಕುವ ಮೊದಲು ಕಣ್ಣಾರೆ ನೋಡಲು ಸಣ್ಣ ಉದ್ಯಮಿಗೆ ಇಂಥ ಜಾಗ ಬೇಕೇ ಬೇಕು. ಆದರೂ ಪ್ರಾತ್ಯಕ್ಷಿಕೆಗಿಂತ ಪಕ್ಕದ ಶೆಡ್‌ನವರ ಅನುಭವವನ್ನೇ ಅವರು ಹೆಚ್ಚು ನಂಬುತ್ತಾರೆ. ಅದಕ್ಕೇ ಕೈಗಾರಿಕಾ ಸಂಘಗಳ ಪಾತ್ರ ಹಿರಿದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಯಂತ್ರ ನಿಂತಿತು ಎಂಬುದನ್ನು ಸೆನ್ಸರ್ ಹೇಳೀತು. ಏಕೆ ನಿಂತಿತು ಎಂಬುದು ಎದುರಿಗಿರುವ ಆಪರೇಟರ್‌ಗೆ ಮಾತ್ರ ಗೊತ್ತು. ಅವರ ಮಾತಿಗೆ ಜಾಗವಿಲ್ಲದಿದ್ದರೆ ಸೆನ್ಸರ್‌ನ ಮಾಹಿತಿ ತೋರಿಸುವ ಪರದೆ ಬರೀ ಕಾವಲುಗಾರನಾಗುತ್ತದೆ, ಮಾಲು ತರಿಸದವರ ತಪ್ಪು ಕೆಲಸಗಾರರ ತಲೆಗೆ ಬರುತ್ತದೆ. ‘ಮಾಲು ಬಂದಿಲ್ಲ’, ‘ಟೂಲ್ ಮುರಿದಿದೆ’, ‘ಕರೆಂಟ್ ಇಲ್ಲ’ ಎಂದು ಕನ್ನಡದಲ್ಲಿ ಬರೆದ ಗುಂಡಿಗಳು ಆ ಪರದೆಯ ಮೇಲಿರಬೇಕು. ಹಿಂದಿ, ತಮಿಳು, ಒಡಿಯಾ ಮಾತಾಡುವ ಕೆಲಸಗಾರರಿದ್ದರೆ ಅವರ ನುಡಿಗಳಲ್ಲೂ ಇರಬೇಕು. ದೂರದ ದೊಡ್ಡ ಕಂಪನಿಗೆ ಇದು ತೀರಾ ಚಿಕ್ಕ ಬೇಡಿಕೆ. ಪೀಣ್ಯದ ಗಲ್ಲಿಗಳಲ್ಲಿ ಓಡಾಡುವ ನವೋದ್ಯಮಿಯೊಬ್ಬರು ಆಪರೇಟರ್ ಜೊತೆ ಅರ್ಧ ಪಾಳಿ ನಿಂತು, ಕೇಳಿಕೊಂಡು, ಇದನ್ನು ಮಾಡಿಕೊಡಬಲ್ಲರು.